ಶೇಕ್ದಾರರ ಕುರ್ಚಿಯ ನಾಲ್ಕನೆಯ ಕಾಲು

ಗರ್ರ್... ಟಕ್!

ನಿಮಗೆ ಇದು ಬರೀ ಸದ್ದು. ನನಗೆ ಇದು ಬೆಳಿಗ್ಗೆ ಎಂಟು ಗಂಟೆ. ತಿ. ನರಸೀಪುರದ ನಮ್ಮ ತಾತನ ಮನೆ, ಕೆಂಪು ಗಾರೆಯ ಹಜಾರ. ತಾತ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಒದ್ದೆಯಿರುವಾಗಲೇ ಬಂದು, ತಮ್ಮ ಕುರ್ಚಿಯ ಬೆನ್ನು ಹಿಡಿದು ಕಿಟಕಿಯ ಬೆಳಕಿಗೆ ಎಳೆಯುತ್ತಿದ್ದರು. ಹಿಂಗಾಲುಗಳು ನೆಲ ಉಜ್ಜಿಕೊಂಡು ಬರುವಾಗ ಗರ್ರ್. ಮುಂಗಾಲು ಊರುವಾಗ ಟಕ್. ಮುಂಗಾಲು ಎರಡಿದ್ದರೂ ಟಕ್ ಅನ್ನುತ್ತಿದ್ದದ್ದು ಬಲಗಡೆಯದೊಂದೇ. ಆ ಟಕ್ ಕೇಳಿದ ಮೇಲೆಯೇ ಅಜ್ಜಿ ಅಡುಗೆಮನೆಯಲ್ಲಿ ಕಾಫಿ ಬಗ್ಗಿಸುತ್ತಿದ್ದದ್ದು. ಅದಕ್ಕೆ ಮುಂಚೆ ಬಗ್ಗಿಸಿದರೆ ಆರಿಹೋಗುತ್ತದೆ, ಆಮೇಲೆ ಬಗ್ಗಿಸಿದರೆ ಬೈಗುಳ. ನಮ್ಮ ತಾತ ಶೇಕ್ದಾರರಾಗಿದ್ದವರು. ಕಂದಾಯ ಇಲಾಖೆಯ ದರ್ಪ ರಿಟೈರ್ ಆದ ಮೇಲೂ ಪೆನ್ಷನ್ ಜೊತೆ ಬರುತ್ತಿತ್ತೆಂದು ಕಾಣುತ್ತದೆ.

ಹೋದ ತಿಂಗಳು ಹಲ್ಲು ತೋರಿಸಲು ಮೈಸೂರಿಗೆ ಹೋಗಿದ್ದಾಗ ಅದೇ ಕುರ್ಚಿಯನ್ನು ಯಾರೋ ಎಳೆದರು. ಸದ್ದು ಕೇಳಿಸಿತು, ಆದರೆ ಸ್ವಲ್ಪ ಬದಲಾಗಿತ್ತು. ಆ ಬದಲಾವಣೆಗೆ ಕಾರಣ ನಾನು. ಆ ಕಥೆಯನ್ನು ಹೇಳಬೇಕೆಂದೇ ಕೂತಿದ್ದೇನೆ. ಆದರೆ ಅದಕ್ಕೆ ಮೊದಲು ನನ್ನದೊಂದು ದುರಭ್ಯಾಸವನ್ನು ಒಪ್ಪಿಕೊಳ್ಳದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ.

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಅವರ ಮೇಜು ಕುರ್ಚಿಗಳ ಪಾದ.

ಇದನ್ನು ಹಚ್ಚಿದವರು ಸಿಸ್ಟರ್ ಬರ್ನಡೀನ್. ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಹೋಮ್ ಸೈನ್ಸ್ ಹೇಳಿಕೊಡುತ್ತಿದ್ದ ಐರಿಷ್ ನನ್. ಕೆನ್ನೆ ಮಾತ್ರ ಟೊಮೇಟೊ ಹಾಗೆ, ಮಿಕ್ಕಿದ್ದೆಲ್ಲ ಬಿಳಿ. ಅವರ ಹತ್ತಿರ ಒಂದು ದಪ್ಪ ಪಿಕ್ಚರ್ ಬುಕ್ ಇತ್ತು, ಇಂಗ್ಲೆಂಡಿನ ಮನೆಗಳ ಒಳಾಂಗಣದ್ದು. ಶುಕ್ರವಾರ ಮಧ್ಯಾಹ್ನ ಹೊಲಿಗೆ ಮುಗಿದ ಮೇಲೆ ಅದನ್ನು ತೆರೆಯುತ್ತಿದ್ದರು. "ಗರ್ಲ್ಸ್, ಎ ಚೇರ್ ಕೆನ್ ಲೈ ವಿತ್ ಇಟ್ಸ್ ಫೇಸ್, ಬಟ್ ನೆವರ್ ವಿತ್ ಇಟ್ಸ್ ಫೀಟ್." ಕುರ್ಚಿ ಮುಖದಲ್ಲಿ ಸುಳ್ಳು ಹೇಳಬಹುದು, ಪಾದದಲ್ಲಿ ಹೇಳಲಾರದು ಅಂತ. ಮಂಡಿ ಉಬ್ಬಿ ಕಣಕಾಲು ಸಣ್ಣಗಾಗಿ ನಾಟ್ಯಕ್ಕೆ ನಿಂತ ಹಾಗಿದ್ದರೆ ಕ್ವೀನ್ ಆನ್. ಅದರ ತುದಿಯಲ್ಲಿ ಹಕ್ಕಿಯ ಉಗುರು ಒಂದು ಗುಂಡನ್ನು ಹಿಡಿದುಕೊಂಡಿದ್ದರೆ ಕ್ಲಾ ಅಂಡ್ ಬಾಲ್. ಕುಡುಗೋಲಿನ ಹಾಗೆ ಹೊರಕ್ಕೆ ಬಾಗಿದ್ದರೆ ರೀಜೆನ್ಸಿ. ಉಬ್ಬುತಗ್ಗಾಗಿ ಕಡೆದು, ಕೆಳಗೆ ಹಿತ್ತಾಳೆಯ ಗಾಲಿ ಹಾಕಿ, ತಾನೇ ದೊಡ್ಡವಳೆಂದು ನಿಂತಿದ್ದರೆ ವಿಕ್ಟೋರಿಯನ್. ಮೂಲೆಗಳೆಲ್ಲ ದುಂಡಗಾಗಿ, ಹಳೇ ರೇಡಿಯೋ ಪೆಟ್ಟಿಗೆ ನೆನಪಾದರೆ ಆರ್ಟ್ ಡೆಕೊ. ಹುಡುಗಿಯರೆಲ್ಲ ಆಕಳಿಸುತ್ತಿದ್ದರು. ನಾನೊಬ್ಬಳು ನೋಟ್ಸ್ ತೆಗೆದುಕೊಳ್ಳುತ್ತಿದ್ದೆ. ಇಂಥ ವಿದ್ಯೆಯಿಂದ ಮುಂದೆ ಏನುಪಯೋಗ ಎಂದು ನನ್ನಮ್ಮ ಕೇಳಿದ್ದರು.

ಉಪಯೋಗ ಆಯಿತು. ನನ್ನ ಮದುವೆಯೇ ಅದರಿಂದ ಆಯಿತು.

ಹೆಣ್ಣು ನೋಡುವ ಶಾಸ್ತ್ರ ನಡೆದದ್ದು ಹುಡುಗನ ಸೋದರತ್ತೆಯ ಮನೆಯಲ್ಲಿ. ನಾನು ಕೂತ ಸೋಫಾದ ಎದುರಿಗೆ ಒಂದು ಟೀಪಾಯ್. ಅದರ ಕಾಲು ಅಸಲಿ ಕ್ವೀನ್ ಆನೋ, ಮೈಸೂರಿನ ಬಡಗಿಗಳ ನಕಲೋ ಎಂದು ನನಗೆ ಬಗೆಹರಿಯಲಿಲ್ಲ. ಅರ್ಧ ಗಂಟೆ ತಲೆ ಎತ್ತಲಿಲ್ಲ. "ಎಷ್ಟು ಸಂಕೋಚದ ಹುಡುಗಿ, ಕಣ್ಣೆತ್ತಿ ಕೂಡ ನೋಡ್ಲಿಲ್ಲ" ಎಂದು ಆ ಅತ್ತೆ ಕರಗಿಹೋದರಂತೆ. ಕೊನೆಗೆ ಹುಡುಗ ಹುಡುಗಿ ಎರಡು ಮಾತಾಡಿಕೊಳ್ಳಲಿ ಎಂದು ಎಲ್ಲರೂ ಎದ್ದು ಒಳಗೆ ಹೋದಾಗ ನಾನು ಅವರಿಗೆ ಹೇಳಿದ ಮೊದಲ ಮಾತು, "ಈ ಟೀಪಾಯ್ ಎಲ್ಲಿ ಮಾಡಿಸಿದ್ದು?" ಅವರು ನಲವತ್ತೊಂದು ವರ್ಷ, ಹೋಗುವ ತನಕ, ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಮದುವೆಯಾಗಿ ನಂಜನಗೂಡಿಗೆ ಬಂದೆ, ಇಲ್ಲೇ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಿಸ್ ಆದೆ, ಇಲ್ಲಿನ ಮನೆಗಳ ಪಾದಗಳನ್ನೂ ನೋಡುತ್ತಾ ಬಂದೆ. ಅಂಗಡಿಬೀದಿಯ ಒಂದು ಮನೆಯಲ್ಲಿ ಅಪ್ಪಟ ವಿಕ್ಟೋರಿಯನ್ ಹ್ಯಾಟ್ ಸ್ಟ್ಯಾಂಡ್ ಇತ್ತು. ಹ್ಯಾಟ್ ಹಾಕುವವರು ಯಾರೂ ಇಲ್ಲದ್ದರಿಂದ ಅದಕ್ಕೆ ತರಕಾರಿ ಚೀಲ ನೇತುಹಾಕುತ್ತಿದ್ದರು. ಸಿಸ್ಟರ್ ಪುಸ್ತಕದಲ್ಲಿ ಇಲ್ಲದ ಶೈಲಿಗಳಿಗೆ ನಾನೇ ಹೆಸರಿಟ್ಟೆ. ಎದ್ದಾಗ ತೊಡೆಯ ಹಿಂಭಾಗದಲ್ಲಿ ಚೌಕಳಿ ಮೂಡಿಸುತ್ತಿದ್ದ ಪ್ಲಾಸ್ಟಿಕ್ ವೈರಿನ ಕುರ್ಚಿಗಳ ಕಾಲ. ಮರವನ್ನು ಮುಚ್ಚಿ ಮರದ ಚಿತ್ರ ಅಂಟಿಸುವ ಸನ್‌ಮೈಕಾ ಕಾಲ. ಈಗಿನದು ಡಬ್ಬ ಬಿಚ್ಚಿ, ಚೀಟಿ ಓದಿ, ಸ್ಕ್ರೂ ಹಾಕುವ ಕಾಲ. ಕೊನೆಗೊಂದು ಸ್ಕ್ರೂ ಮಿಕ್ಕೇ ಮಿಗುತ್ತದೆ.

ಇಷ್ಟು ಪಂಡಿತೆಯಾದವಳ ಮನೆಯಲ್ಲಿ ತಾತನ ಕುರ್ಚಿ ಬಂದು ಕೂತಮೇಲೆ ಕೇಳಬೇಕೇ! ತಾತನ ನಂತರ ಆ ಕುರ್ಚಿಯನ್ನು ನಾನೇ ಕೇಳಿ ತಂದಿದ್ದೆ. "ಇದು ಇಂಗ್ಲಿಷ್ ದೊರೆಯ ಬಂಗಲೆಯ ಹರಾಜಿನಲ್ಲಿ ತಂದದ್ದು" ಎಂದು ತಾತ ಎಲ್ಲರಿಗೂ ಹೇಳುತ್ತಿದ್ದರು. ಅದಕ್ಕೆ ನನ್ನ ಪಾಂಡಿತ್ಯವನ್ನೂ ಸೇರಿಸಿದೆ. ಕಾಫಿಗೆ ಬಂದವರು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. "ಕ್ವೀನ್ ಆನ್ ಶೈಲಿ ಕಣ್ರೀ. ಮೂರು ಕಾಲು ಕ್ಲಾ ಅಂಡ್ ಬಾಲ್, ನೋಡಿ. ಈ ನಾಲ್ಕನೆಯದು ಮಾತ್ರ ಬೇರೆ. ಬುಡದಲ್ಲಿ ಗೊರಸಿದೆ, ಅಲ್ವಾ? ಫ್ರೆಂಚಿನಲ್ಲಿ ಪಿಯೆ ದ ಬಿಶ್ ಅಂತಾರೆ, ಜಿಂಕೆಯ ಪಾದ. ಇನ್ನೂ ಹಳೇ ಕಾಲದ್ದು. ಮೇಲೆ ಉದ್ದುದ್ದ ಗೀರಿದೆಯಲ್ಲ, ಅದು ರೀಡಿಂಗ್, ಜೊಂಡಿನ ಕಂತೆಯ ಹಾಗೆ ಕಾಣಲಿ ಅಂತ ಕೆತ್ತುವುದು. ಮುರಿದ ಕಾಲಿಗೆ ಯಾವುದೋ ಪುರಾತನ ಕುರ್ಚಿಯ ಕಾಲು ಕೂಡಿಸಿದ್ದಾರೆ. ಇದಕ್ಕೆ ಆಂಟಿಕ್‌ನವರ ಭಾಷೆಯಲ್ಲಿ ಮ್ಯಾರೇಜ್ ಅನ್ನುತ್ತಾರೆ." ಐವತ್ತು ವರ್ಷ ಹೀಗೆ ಹೇಳಿದ್ದೇನೆ. ಒಬ್ಬರೂ ಎದುರು ಹೇಳಲಿಲ್ಲ. ಕಾಫಿ ಚೆನ್ನಾಗಿರುತ್ತಿತ್ತು ಅಂತ ಕಾಣುತ್ತದೆ.

ಎದುರು ಹೇಳಿದವಳು ವಸುಧಾ, ನನ್ನ ತಂಗಿಯ ಮೊಮ್ಮಗಳು. ಮೈಸೂರಿನಲ್ಲಿ ಹಲ್ಲಿನ ಡಾಕ್ಟರು. ಹೊಸ ಕ್ಲಿನಿಕ್ ತೆರೆಯುವವಳಿದ್ದಳು. ನನಗೆ ಕೊಡಲು ಇದ್ದದ್ದು ಆ ಕುರ್ಚಿ. ವೇಟಿಂಗ್ ರೂಮಿಗೆ ಇರಲಿ ಕಣೇ ಅಂದೆ. ಅವಳು ಕುರ್ಚಿಯ ಸುತ್ತ ಒಂದು ಸುತ್ತು ಬಂದು, ಬಾಯಿ ತೆರೆಸಿ ನೋಡುವವಳ ಹಾಗೆ ಬಗ್ಗಿ ಹೇಳಿದಳು, "ಬ್ಯೂಟಿಫುಲ್ ಅಜ್ಜಿ. ಆದ್ರೆ ಈ ಒಂದು ಕಾಲು ನೋಡಿದ್ರೆ ಮುಂದಿನ ಹಲ್ಲಿಗೆ ಯಾರೋ ತಪ್ಪು ಕಲರ್ ಕ್ಯಾಪ್ ಹಾಕಿದ ಹಾಗಿದೆ. ಪೇಷೆಂಟ್ಸ್ ನನ್ನ ಕೆಲಸಾನೇ ಡೌಟ್ ಮಾಡ್ತಾರೆ. ಮುಂದಿನವೆರಡೂ ಮ್ಯಾಚ್ ಆಗೋ ಹಾಗೆ ಮಾಡಿಸಿಕೊಡ್ತೀಯಾ?"

ಕಾಲು ಅಲ್ಲಾಡುತ್ತಲೂ ಇತ್ತು, ಮಿಕ್ಕವಕ್ಕಿಂತ ಒಂದು ನೂಲು ಉದ್ದ. ಮಾಡಿಸೋಣ ಅಂದೆ. ನನ್ನ ಹಳೇ ವಿದ್ಯಾರ್ಥಿ ಇರ್ಫಾನನನ್ನು ಕರೆಸಿದೆ. ಅವನು ಈಗ ನಂಜನಗೂಡಿನಲ್ಲಿ ಪ್ಲೈವುಡ್ ಕೆಲಸಕ್ಕೆ ಹೆಸರಾದವನು. ಕಾಲನ್ನು ನೋಡಿ ಕೈಮುಗಿದ.

"ಮಿಸ್, ಹಕ್ಕಿ ಉಗುರು ಕೆತ್ತೋದು ನನ್ ಕೈಲಿ ಆಗಲ್ಲ. ನಂದೆಲ್ಲ ಮೆಷಿನ್ನು. ನರಸೀಪುರದಲ್ಲಿ ಸಿದ್ದಾಚಾರ್ರು ಅಂತವ್ರೆ, ಎಂಬತ್ತಾಯ್ತು, ಅವ್ರು ಮಾಡಿದ್ರೆ ಮಾಡ್ಬೇಕು. ಆದ್ರೆ ಮಿಸ್, ಅಲ್ಲಿ ಹೋಗಿ ಕುರ್ಚಿ ಅನ್ಬೇಡಿ."

"ಇನ್ನೇನು ಆನೆ ಅನ್ಲಾ?"

"ಕಾಲು ಅನ್ನಿ ಸಾಕು. ಬಾಗ್ಲು, ತೊಟ್ಲು, ದೇವ್ರ ಮಂಟಪ ಏನ್ ಬೇಕಾದ್ರೂ ಮಾಡ್ತಾರೆ. ಕುರ್ಚಿ ಅಂದ್ರೆ ಎದ್ದು ಒಳಗೋಗ್ಬುಡ್ತಾರೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ."

ಮಾರನೆಯ ದಿನವೇ ಅವನ ಲಗೇಜ್ ಆಟೋದಲ್ಲಿ ಹೊರಟೆವು. ಕುರ್ಚಿಗೆ ಹಳೇ ಬೆಡ್‌ಶೀಟ್ ಸುತ್ತಿ, ಕೊಯ್ಯಬೇಕಾದ ಕಾಲನ್ನು ಮಾತ್ರ ಹೊರಗೆ ಬಿಟ್ಟಿದ್ದೆ. ಥೇಟ್ ಆಪರೇಷನ್ ಥಿಯೇಟರ್. ನಮ್ಮ ಮನೆಯ ಹಿಂದೆ ಹರಿಯುವ ಕಪಿಲೆಯೂ ಅದೇ ನರಸೀಪುರಕ್ಕೆ ಹೋಗಿ ಕಾವೇರಿಯನ್ನು ಸೇರುತ್ತಾಳೆ. ಅವಳಿಗೆ ರೋಡ್ ಹಂಪ್ ಇಲ್ಲ. ನನಗೆ ಲೆಕ್ಕವಿಲ್ಲದಷ್ಟು. ಪ್ರತಿ ಹಂಪಿಗೂ ಹಿಂದಿನಿಂದ ಕುರ್ಚಿ ಟಕ್ ಅನ್ನುತ್ತಿತ್ತು. ತವರಿಗೆ ಹೊರಟಿದ್ದೇನೆಂದು ಅದಕ್ಕೆ ಗೊತ್ತಿತ್ತೋ ಏನೋ. ನನಗಂತೂ ಗೊತ್ತಿರಲಿಲ್ಲ.

ಸಿದ್ದಾಚಾರ್ರ ಮನೆ ಹೊಳೆಗೆ ಇಳಿಯುವ ದಾರಿಯಲ್ಲಿ. ಮುಂದೆ ತಗಡಿನ ಚಪ್ಪರ, ಅದರ ಕೆಳಗೆ ಮರದ ಸಿಪ್ಪೆಯ ರಾಶಿ, ರಾಶಿಯ ನಡುವೆ ಕಾಲು ಚಾಚಿ ಕೂತು ಹೊಸ್ತಿಲಿಗೆ ಹೂವು ಕೆತ್ತುತ್ತಿದ್ದ ಒಣಕಲು ಮನುಷ್ಯ. ಕನ್ನಡಕಕ್ಕೆ ಒಂದು ಕಡೆ ದಾರ. ಸೊಸೆ ರಾಜಮ್ಮ ಪಾಲಿಷ್ ಹಚ್ಚುತ್ತಿದ್ದವಳು ಎದ್ದು ನನಗೊಂದು ಪ್ಲಾಸ್ಟಿಕ್ ಚೇರ್ ತಂದಿಟ್ಟಳು. ಆಚಾರಿಯ ಮನೆಯಲ್ಲಿ ಮರದ್ದೊಂದು ಕುರ್ಚಿ ಇಲ್ಲ!

"ಏನವ್ವ, ಕಾಲಂತಲ್ಲ? ನಿಮ್ದಾ, ಮರದ್ದಾ?" ಅಂದರು ಆಚಾರ್ರು.

"ನನ್ನ ಕಾಲು ರಿಪೇರಿಯಾಗುವ ಸ್ಟೇಜ್ ದಾಟಿದೆ. ಈ ಮರದ ಕಾಲನ್ನು ಕೊಯ್ದು ಬೇರೆ ಹಾಕಬೇಕು," ಅಂದೆ.

ಇರ್ಫಾನ್ ಬಟ್ಟೆ ಸುತ್ತಿದ್ದನ್ನು ಅವರ ಮುಂದೆ ಮಲಗಿಸಿದ. ಅವರು ನಗುತ್ತಲೇ ಕಾಲನ್ನು ಹಿಡಿದುಕೊಂಡರು. ಹೆಬ್ಬೆರಳು ಮೇಲಿನಿಂದ ಕೆಳಕ್ಕೆ ಗೀರುಗಳ ಮೇಲೆ ಒಂದೊಂದಾಗಿ ಹರಿಯಿತು. "ಒಂದು, ಎಲ್ಡು, ಮೂರು..." ಏಳಕ್ಕೆ ನಿಂತಿತು. ಆಮೇಲೆ ಆ ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರು.

"ರಾಜಮ್ಮ, ಆ ಪಟ ತತ್ತಾ."

"ಯಾವ್ದು ಮಾವ?"

"ಅದೇ ಕನವ್ವ, ಮಾದಪ್ಪನ ಪಟದ ಹಿಂದಿರದು."

ಅವಳು ಒಳಗೆ ಹೋದಾಗ ನನ್ನ ಕಡೆ ತಿರುಗಿದರು. "ಇದೆಲ್ಲಿತ್ತು ನಿಮ್ತವ?"

"ನಮ್ಮ ತಾತನ ಕುರ್ಚಿ. ಇದೇ ಊರಿನಲ್ಲಿ ಶೇಕ್ದಾರರಾಗಿದ್ದರು," ಅಂದುಬಿಟ್ಟೆ. ಕುರ್ಚಿ ಅಂದದ್ದಕ್ಕೆ ಇರ್ಫಾನ್ ಜೋರಾಗಿ ಕೆಮ್ಮಿದ. ಆಚಾರ್ರು ಎದ್ದು ಹೋಗಲಿಲ್ಲ. ಬೆಡ್‌ಶೀಟನ್ನು ತಾವೇ ಬಿಚ್ಚಿ, ಕುರ್ಚಿಯನ್ನು ತಲೆಕೆಳಗು ಮಾಡಿ, ಹಲಗೆಯ ಅಡಿಭಾಗ, ಕೂಡುಗಳು, ಬೆಣೆಗಳು ಎಲ್ಲವನ್ನೂ ಸವರಿ ನೋಡತೊಡಗಿದರು. ನಾನು ಐವತ್ತು ವರ್ಷದಲ್ಲಿ ಒಂದು ಸಲವೂ ಅದನ್ನು ಮಗುಚಿ ನೋಡಿರಲಿಲ್ಲ. ಸಿಸ್ಟರ್ ಪುಸ್ತಕದ ಚಿತ್ರಗಳೆಲ್ಲ ಮುಂದಿನಿಂದ ತೆಗೆದವು.

"ನಮ್ಮಪ್ಪ ಬಸವಾಚಾರಿ ಮಾಡಿದ್ದು ಕನವ್ವ ಇದು," ಅಂದರು. "ಆಗ ನಾನು ತೊಟ್ಲಲ್ಲಿದ್ದೆ. ಕಣ್ಣಲ್ಲಿ ನೋಡ್ತಿರದು ಇವತ್ತೇಯ."

ನನ್ನ ಇಂಗ್ಲಿಷ್ ದೊರೆ, ಬಂಗಲೆ, ಹರಾಜು ಎಲ್ಲ ಆ ಚಪ್ಪರದ ಕೆಳಗೆ ಒಂದೇ ಏಟಿಗೆ ಬಿದ್ದುಹೋದವು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಮುಂದುವರಿಸಿದರು.

"ಯಾರೋ ಮೇಲ್ನೋರು ಬತ್ತಾರೆ ಅಂತ ಶೇಕ್ದಾರ್ರು ಒಂದು ಇಂಗ್ಲೀಸು ಪಟ ಕೊಟ್ಟು, ಇಂಥವು ಆರು ಮಾಡು ಅಂದ್ರಂತೆ. ನಮ್ಮಪ್ಪ ಮೊದ್ಲು ಒಂದ ಮಾಡಿ ಒತ್ಕೊಂಡೋದ. ಅವ್ರು ನೋಡ್ಬುಟ್ಟು, 'ತಪ್ಪು ಮಾಡಿದ್ದೀಯಲ್ಲೋ, ಕಣ್ಣಿಲ್ವಾ ನಿಂಗೆ' ಅಂದ್ರಂತೆ. ಪಟದಲ್ಲಿರಂಗೇ ಮಾಡಿವ್ನಿ ಬುದ್ದಿ ಅಂದ್ರೆ, 'ಎದುರ್ ಮಾತಾಡ್ತೀಯಾ' ಅಂತ ಇನ್ನೊಂದ್ ಕಿತ ಬೈದ್ರಂತೆ. ಮಿಕ್ಕ ಐದು ಬ್ಯಾಡ ಅಂದ್ರು. ಏನ್ ತಪ್ಪು ಅಂತ ಹೇಳ್ನಿಲ್ಲ."

ಹೇಳಿರುವುದಿಲ್ಲ. ನಮ್ಮ ತಾತ ನನಗೆ ಗೊತ್ತು. ಒಂದು ಸಲ ಬಾಯಿ ಬಿಟ್ಟ ಮೇಲೆ ಪಟವನ್ನು ತಿರುಗಿ ನೋಡುವ ಜಾಯಮಾನ ಅಲ್ಲ ಅವರದು.

"ಅವತ್ತಿಂದ ನಮ್ಮಪ್ಪ ಕುರ್ಚಿ ಮುಟ್ನಿಲ್ಲ. ನನ್ಗೂ ಮುಟ್ಬ್ಯಾಡ ಅಂದ. ನೇಗ್ಲು ಮಾಡ್ದ, ತೊಟ್ಲು ಮಾಡ್ದ. ಆದ್ರೆ ಸಂಜೆ ಆದ್ರೆ ಆ ಪಟ ಮುಂದಿಟ್ಕೊಂಡು ಬೆರಳಲ್ಲಿ ಅಳೆಯೋನು. 'ಎಲ್ಲ ಸರ್ಯಾಗೇ ಅದೆ ಕಣ್ಲಾ ಸಿದ್ದ, ತಪ್ಪೆಲ್ಲದೆ?' ಅನ್ನೋನು. ಸಾಯೋ ಗಂಟ ಅಂದ. ಆಮೇಲೆ ನಾನೂ ಅಳೆದ್ ನೋಡ್ದೆ. ನನ್ಗೂ ಸಿಕ್ನಿಲ್ಲ."

ರಾಜಮ್ಮ ಪಟ ತಂದು ನನ್ನ ಮಡಿಲಲ್ಲಿಟ್ಟಳು. ಗಾಜಿನೊಳಗೆ ಕಂದುಹೋದ ಒಂದು ಹಾಳೆ, ಯಾವುದೋ ಇಂಗ್ಲಿಷ್ ಕ್ಯಾಟಲಾಗಿನದು. ಕುರ್ಚಿಯ ಚಿತ್ರ. ಪಕ್ಕದಲ್ಲಿ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತ ಒಬ್ಬಳು ದೊರೆಸಾನಿ, ನೆಲ ಮುಟ್ಟುವ ಗೌನು.

"ನೀವು ಇಂಗ್ಲೀಸು ಓದ್ದೋರು. ನೀವೇ ಹೇಳಿ ಅಮ್ಮಾವ್ರೆ," ಅಂದರು ಸಿದ್ದಾಚಾರ್ರು. "ನಮ್ಮಪ್ಪಂದು ತಪ್ಪೆಲ್ಲದೆ?"

ನನಗೆ ಒಂದೇ ನೋಟಕ್ಕೆ ಕಂಡಿತು.

ಆ ಹೆಂಗಸು ನಿಂತಿದ್ದದ್ದು ಕುರ್ಚಿಯ ಬಲ ಮುಂಗಾಲಿಗೆ ಅಡ್ಡವಾಗಿ. ಕುರ್ಚಿಯ ಕಾಲು ಚಿತ್ರದಲ್ಲಿ ಕಾಣುವುದೇ ಇಲ್ಲ. ಅದು ಇರಬೇಕಾದ ಜಾಗದಲ್ಲಿ ಅವಳ ಗೌನಿನ ಅಂಚು ಇಳಿಬಿದ್ದಿದೆ, ಏಳು ನೆರಿಗೆಯಾಗಿ. ನೆರಿಗೆಯ ಕೆಳಗೆ ಇಣುಕುತ್ತಿರುವುದು ಅವಳ ಚೂಪು ಮೂತಿಯ ಷೂ. ಸಣ್ಣ ಹೀಲು, ಮಧ್ಯದಲ್ಲೊಂದು ರಿಬ್ಬನ್ ಬೋ. ಹಳೇ ಅಚ್ಚಿನಲ್ಲಿ ಗೌನೂ ಮರವೂ ಒಂದೇ ಕಂದು. ಗೌನು ತೊಟ್ಟವಳನ್ನು ಹುಟ್ಟಿದಾರಭ್ಯ ನೋಡದಿದ್ದ ಬಸವಾಚಾರಿ, ದೊರೆಗಳ ಕುರ್ಚಿಗೆ ನಾಲ್ಕನೆಯ ಕಾಲು ಹೀಗೇ ಇರುತ್ತದೆಂದು ನಂಬಿ, ಏಳು ನೆರಿಗೆಯನ್ನೂ ಬಿಡದೆ, ಷೂವನ್ನು ಹೀಲಿನ ಸಮೇತ ತೇಗದಲ್ಲಿ ಇಳಿಸಿದ್ದ. ತಾತನ ಹಜಾರದಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಟಕ್ ಅನ್ನುತ್ತಿದ್ದದ್ದು ಅದೇ ಹೀಲು. ನನ್ನ ಪಿಯೆ ದ ಬಿಶ್, ನನ್ನ ರೀಡಿಂಗ್, ನನ್ನ ಮ್ಯಾರೇಜು! ಸಿಸ್ಟರ್ ಬರ್ನಡೀನ್, ಎಲ್ಲಿದ್ದರೂ ಕ್ಷಮಿಸಿ.

ನಗು ಬರಬೇಕಿತ್ತು. ಬರಲಿಲ್ಲ. ಎದುರಿಗೆ ಎಂಬತ್ತು ವರ್ಷದ ಮುಖ ಕಾಯುತ್ತಿತ್ತು. ನಿಮ್ಮಪ್ಪ ಹೆಂಗಸಿನ ಷೂವನ್ನು ಕುರ್ಚಿಯ ಕಾಲೆಂದು ಕೆತ್ತಿದ ಎಂದು ಹೇಗೆ ಹೇಳುವುದು? ಊರಿಗೆಲ್ಲ ನಗೆಯಾಗುವ ಮಾತು. ಆ ಮನುಷ್ಯನಿಗೆ ಉಳಿದಿರುವುದು ಅಪ್ಪನ ಕೈಯ ಮೇಲಿನ ನಂಬಿಕೆ ಒಂದೇ. ನನಗೆ ಧೈರ್ಯ ಸಾಲಲಿಲ್ಲ.

"ತಪ್ಪೇನಿಲ್ಲ ಆಚಾರ್ರೆ," ಅಂದೆ. "ಇದೊಂದು ಹಳೇ ಶೈಲಿ. ಜಿಂಕೆ ಪಾದ ಅಂತ ಹೆಸರು. ಫ್ರಾನ್ಸಿನ ಕಡೆ ಇದೆ. ನಿಮ್ಮಪ್ಪ ಸರಿಯಾಗೇ ಮಾಡಿದ್ದಾರೆ."

ಅವರು ಶ್ರದ್ಧೆಯಿಂದ ಕೇಳಿಸಿಕೊಂಡರು. "ಅಂಗಾದ್ರೆ ಸರ್ಯಾಗೇ ಅದೆ ಅನ್ನಿ."

"ಹೂಂ. ನೂರಕ್ಕೆ ನೂರು."

ಉಳಿಯನ್ನು ಕೈಗೆತ್ತಿಕೊಂಡರು. ಆಮೇಲೆ ಬಹಳ ಮೆತ್ತಗೆ ಕೇಳಿದರು, "ಸರ್ಯಾಗಿರದ್ನ ಕೊಯ್ಸಕ್ಕೆ ಯಾಕ್ ತಂದ್ರಿ ಅಮ್ಮಾವ್ರೆ?"

ಇರ್ಫಾನ್ ತಗಡನ್ನು ನೋಡತೊಡಗಿದ. ಎಂಟನೇ ಕ್ಲಾಸಿನಲ್ಲಿ ಅವನಿಂದ 'ಐ ಶಲ್ ನಾಟ್ ಟೆಲ್ ಲೈಸ್' ಎಂದು ನೂರು ಸಲ ಬರೆಸಿದವಳು ನಾನೇ. ಪ್ಲಾಸ್ಟಿಕ್ ಚೇರಿನಿಂದ ಎದ್ದು, ಮಂಡಿ ನೋವನ್ನೂ ಮರೆತು, ಅವರ ಪಕ್ಕ ಸಿಪ್ಪೆಯ ರಾಶಿಯ ಮೇಲೆಯೇ ಕೂತೆ. ಪಟವನ್ನು ಇಬ್ಬರ ನಡುವೆ ಹಿಡಿದುಕೊಂಡೆ.

"ಆಚಾರ್ರೆ, ನಾನು ಹೇಳಿದ್ದು ಸುಳ್ಳು. ಇಲ್ಲಿ ನೋಡಿ. ಈ ಹೆಂಗಸು ಉಟ್ಟಿದ್ದಾಳಲ್ಲ, ಅದು ಅವರ ಕಡೆಯ ಲಂಗ. ಈ ಏಳು ಗೀರೂ ಆ ಲಂಗದ ನೆರಿಗೆ. ಕುರ್ಚಿ ಕಾಲು ಅದರ ಹಿಂದೆ ಮುಚ್ಚಿಹೋಗಿದೆ. ಈ ಕೆಳಗೆ ಕಾಣುತ್ತಿರುವುದು..." ಬೆರಳಿಟ್ಟು ತೋರಿಸಿದೆ. "ಇದು ಅವಳ ಜೋಡು."

ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಕೇಳಿಸುತ್ತಿತ್ತು. ಸಿದ್ದಾಚಾರ್ರು ಪಟವನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ಒಂದು ಸಲ ಕುರ್ಚಿಯ ಕಾಲನ್ನು ನೋಡಿದರು. ಮೊದಲು ಸೆರಗು ಬಾಯಿಗಿಟ್ಟುಕೊಂಡವಳು ರಾಜಮ್ಮ.

"ಜೋಡಾ?" ಅಂದರು ಆಚಾರ್ರು.

"ಜೋಡು."

"ಅಯ್ಯೋ ನಮ್ಮಪ್ಪನೇ!" ಎಂದು ತೊಡೆ ತಟ್ಟಿಕೊಂಡರು. "ಕುರ್ಚಿಗೆ ಜೋಡು ಮೆಟ್ಟಿಸ್ಬುಟ್ನಲ್ಲವ್ವಾ! ತಾನು ಬರಿಗಾಲಲ್ಲಿ ತಿರ್ಗ್ದೋನು, ಮರಕ್ಕೆ ಜೋಡು ಮಾಡವ್ನಲ್ಲ!" ನಗು ಹೊಟ್ಟೆಯಿಂದ ಬಂತು, ನಗು ಕೆಮ್ಮಾಯಿತು, ರಾಜಮ್ಮ ನೀರು ತಂದಳು. ಟವಲಿನಿಂದ ಕಣ್ಣೊರೆಸಿಕೊಂಡವರು ಟವಲನ್ನು ಬೇಗ ತೆಗೆಯಲಿಲ್ಲ. ತೆಗೆದಾಗ ಮುಖ ತೊಳೆದ ಹಾಗಿತ್ತು. "ಕೈ ತಪ್ಪಿರ್ನಿಲ್ಲ ಅಂತಾಯ್ತು. ಕಂಡುದ್ನ ಕಂಡಂಗೆ ಮಾಡವ್ನೆ. ಇಷ್ಟೇಯ?"

"ಇಷ್ಟೇ. ಮಾಡಿದ್ದು ಷೂ ಅಂತ ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲವಲ್ಲ! ಐವತ್ತು ವರ್ಷ ಜಿಂಕೆ ಕಾಲು ಅಂತ ಬಂದವರಿಗೆಲ್ಲ ಪಾಠ ಮಾಡಿದ್ದೇನೆ."

"ಜಿಂಕೇನಾ!" ಮತ್ತೆ ನಗು. "ಓದ್ದೋರ್ಗೇ ಇಂಗಾದ್ರೆ ನಮ್ಮಪ್ಪಂದೇನು ಬುಡಿ."

ಹೇಳುವುದನ್ನೆಲ್ಲ ಹೇಳಿಬಿಡೋಣವೆಂದು ಇನ್ನೊಂದನ್ನೂ ಹೇಳಿದೆ. ತಾತ ಇದನ್ನು ದೊರೆಗಳ ಹರಾಜಿನಲ್ಲಿ ತಂದದ್ದೆನ್ನುತ್ತಿದ್ದರು, ನಿಮ್ಮಪ್ಪನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಅದು ನಮ್ಮ ತಪ್ಪು ಅಂದೆ. ಅವರಿಗೆ ಸಿಟ್ಟು ಬರಬಹುದೆಂದುಕೊಂಡಿದ್ದೆ. ಅವರು ಮುಂದಕ್ಕೆ ಬಾಗಿದರು.

"ಇಂಗ್ಲೀಸ್ನೋರ್ ಕೆಲ್ಸ ಅಂತ ನಂಬಿದ್ರಾ? ಎಲ್ರೂವೆ?"

"ಎಲ್ಲರೂ. ನಾನೂ."

"ಕೇಳ್ದೇನವ್ವ ರಾಜಮ್ಮ?" ಅಂದರು. ಅಷ್ಟೇ ಅಂದದ್ದು. ಆ ಮುಖವನ್ನು ನೀವು ನೋಡಬೇಕಿತ್ತು. ನನ್ನ ಕೈಗೆ ಡಿಗ್ರಿ ಬಂದ ದಿನ ನನ್ನದೂ ಹಾಗಿದ್ದಿರಲಾರದು.

ಇನ್ನು ಕಾಲು ಕೊಯ್ಯುವ ಮಾತೆಲ್ಲಿ! ಹಾಗೇ ವಾಪಸ್ ಒಯ್ಯುತ್ತೇನೆ, ಮುಂದಿನವೆರಡೂ ಒಂದೇ ಥರ ಇರಬೇಕೆಂದ ನಮ್ಮ ಹುಡುಗಿ ವಸುಧಾಳಿಗೆ ಏನೋ ಹೇಳಿಕೊಳ್ಳುತ್ತೇನೆ ಅಂದೆ. ಆಚಾರ್ರು ಕುರ್ಚಿಯ ಮೇಲಿನ ಕೈ ತೆಗೆಯಲಿಲ್ಲ.

"ಮಗೀಗೆ ಮುಂದ್ಲವು ಎಲ್ಡೂ ಒಂದೇ ತರ ಇರ್ಬೇಕು ಅಂದ್ರಲ್ಲ? ಒಂದೇ ಕಾಲ್ಗೆ ಜೋಡು ಮೆಟ್ಕೊಂಡು ಯಾರ್ ಓಡಾಡ್ತಾರವ್ವ? ಇನ್ನೊಂದ ನಾನ್ ಮಾಡ್ತೀನಿ. ಅದು ಬಲಗಾಲು. ಇದು ಎಡಗಾಲಾಯ್ತದೆ."

"ಮಾವ," ಎಂದಳು ರಾಜಮ್ಮ ದನಿ ತಗ್ಗಿಸಿ, "ನೀವು ಕುರ್ಚಿ ಮುಟ್ಟೀರಾ?"

"ಕುರ್ಚಿ ಎಲ್ಲವ್ವ? ಕಾಲಲ್ವಾ," ಅಂದರು.

ಅಸಲಿ ವಸ್ತುವಿಗೆ ಎಂದೂ ಕೈಹಚ್ಚಬಾರದು ಅನ್ನುವುದು ಸಿಸ್ಟರ್ ಬರ್ನಡೀನರ ಮೊದಲ ನಿಯಮ. ನಾನು ಆ ನಿಯಮವನ್ನು ಹೊಳೆಗೆ ಬಿಟ್ಟು, ಕುರ್ಚಿಯನ್ನು ಚಪ್ಪರದಲ್ಲಿ ಬಿಟ್ಟು ಬಂದೆ.

ಮೂರು ವಾರ ಕಳೆದ ಮೇಲೆ ರಾಜಮ್ಮ ಫೋನ್ ಮಾಡಿದಳು. ಮತ್ತೆ ಇರ್ಫಾನನ ಆಟೋ, ಮತ್ತೆ ಅಷ್ಟೂ ಹಂಪುಗಳು. ಕುರ್ಚಿ ಜಗಲಿಯ ಮೇಲೆ ಪಾದ ಜೋಡಿಸಿ ನಿಂತಿತ್ತು. ಬಲದ್ದು ಅಪ್ಪನದು, ಎಡದ್ದು ಮಗನದು ಎಂದು ಗೊತ್ತಿದ್ದೂ ನಾನು ಎರಡು ಸಲ ತಪ್ಪು ಹೇಳಿದೆ. ನೆರಿಗೆ ಏಳು. ಹೀಲು ಅದೇ ಎತ್ತರ, ಆ ಒಂದು ನೂಲನ್ನೂ ಲೆಕ್ಕ ಹಿಡಿದಿದ್ದರು. ಅಲ್ಲಾಟ ನಿಂತಿತ್ತು. "ಎಳ್ದು ನೋಡಿ," ಅಂದರು. ಎಳೆದೆ.

ಗರ್ರ್... ಟಕ್ ಟಕ್!

ಥೇಟ್ ಯಾರೋ ಮೇಮ್ ಸಾಹೇಬರು ಬಂದು ಬಾಗಿಲಲ್ಲಿ ನಿಂತ ಹಾಗೆ. ರಾಜಮ್ಮ ಸೆರಗು ಸರಿಮಾಡಿಕೊಂಡಳು.

ಆ ಕುರ್ಚಿ ಈಗ ವಸುಧಾಳ ವೇಟಿಂಗ್ ರೂಮಿನಲ್ಲಿದೆ. "ಅಜ್ಜಿ, ಶೂಸ್! ಇದನ್ನ ಕೊಯ್ಸು ಅಂದಿದ್ನಾ ನಾನು!" ಎಂದು ಕುಣಿದಾಡಿದ್ದಳು. ಹಲ್ಲುನೋವಿನವರು ದವಡೆ ಹಿಡಿದುಕೊಂಡು ತಲೆ ತಗ್ಗಿಸಿ ಕೂತಿರುತ್ತಾರಲ್ಲ, ಕಣ್ಣು ತಾನಾಗಿ ಷೂಗಳ ಮೇಲೆ ಬೀಳುತ್ತದೆ. ನೋವಿನಲ್ಲೂ ನಗುತ್ತಾರಂತೆ. ಯಾವ ಸ್ಟೈಲ್ ಮೇಡಂ ಇದು ಎಂದು ಕೇಳಿದವರಿಗೆ, ನರಸೀಪುರದ ಬಸವಾಚಾರಿ ಸ್ಟೈಲ್ ಎಂದು ಹೇಳಬೇಕೆಂದು ತಾಕೀತು ಮಾಡಿದ್ದೇನೆ. ಹಲಗೆಯ ಅಡಿಯಲ್ಲಿ ಅಪ್ಪ ಮಗ ಇಬ್ಬರ ಹೆಸರನ್ನೂ ಬರೆಸಿದ್ದೇನೆ. ಮಗುಚಿ ನೋಡುವವರಿಗೆ ಸಿಗುತ್ತದೆ.

ಚಳಿಗಾಲ ಕಳೆಯುವ ಹೊತ್ತಿಗೆ ರಾಜಮ್ಮನ ಫೋನ್ ಮತ್ತೊಮ್ಮೆ ಬಂತು. ಮಾವ ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲವಂತೆ. ಮೂಲೆಯಲ್ಲಿ ಒಂದು ಕುರ್ಚಿ ಅರ್ಧ ಆಗಿತ್ತಂತೆ. "ಕುರ್ಚಿ ಕನವ್ವ, ನಿಜ್ವಾದ್ದೇಯ," ಎಂದು ಅತ್ತಳು.

ಆದರೆ ನನಗೆ ಅವರು ಕಾಣುವುದು ಆ ಎರಡನೆಯ ಸಲ ನಾನು ಹೊರಟ ಗಳಿಗೆಯಲ್ಲಿ. ಇರ್ಫಾನ್ ಕುರ್ಚಿಯನ್ನು ಆಟೋದಲ್ಲಿ ತಲೆಕೆಳಗಾಗಿ ಇಟ್ಟಿದ್ದ, ಎರಡು ಷೂಗಳೂ ಆಕಾಶ ನೋಡುತ್ತಿದ್ದವು. ಬಿಚ್ಚಿ ತೆಗೆದ ಹಳೇ ಎಡಗಾಲು, ಗುಂಡನ್ನು ಹಿಡಿದ ಹಕ್ಕಿಯ ಕಾಲು, ಆಚಾರ್ರ ಕೈಯಲ್ಲಿತ್ತು. "ಅಪ್ಪನ್ ಕೈದು ಇದೊಂದು ನನ್ತವ ಇರ್ಲಿ ಅಮ್ಮಾವ್ರೆ," ಅಂದಿದ್ದರು. ಅದನ್ನು ಮಾದಪ್ಪನ ಪಟದ ಪಕ್ಕ ಇಡುತ್ತಾರೆ, ದಿನಾ ಹೂವಿಡುತ್ತಾರೆ ಎಂದು ನಾನು ಕಣ್ಣು ಒದ್ದೆ ಮಾಡಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದೆ. ಆಟೋ ತಿರುಗುವಾಗ ಸೈಡ್ ಮಿರರಿನಲ್ಲಿ ನೋಡಿದೆ. ಸಿದ್ದಾಚಾರ್ರು ಜಗಲಿಯ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಆ ಹಕ್ಕಿಯ ಉಗುರಿನಿಂದ ಬೆನ್ನು ಕೆರೆದುಕೊಳ್ಳುತ್ತಾ ನಿಂತಿದ್ದರು. ಅವರನ್ನು ನೋಡಿದ್ದು ಅದೇ ಕೊನೆ.